ಹೊಸ ಮೇಷ್ಟ್ರ ಪರಿಚಯ ಬರೆದುಕೊಡಿ ಅಂದರೆ ಎಲ್ಲಿಂದ ಶುರು ಮಾಡಬೇಕು?

ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತುಮಕೂರಿಂದ ಬರುತ್ತದೆ, ಕೋಲಾರದಿಂದ ಬರುತ್ತದೆ, ಚಿಂತಾಮಣಿಯಿಂದಲೂ ಬರುತ್ತದೆ. “ನಮ್ಮ ವಿಭಾಗಕ್ಕೆ ಹೊಸಬರು ಬಂದಿದ್ದಾರೆ, ಪರಿಚಯ ಬರೆದುಕೊಡಿ ಅಂತ ಹೆಚ್‌ಓಡಿ, ಅಂದರೆ ವಿಭಾಗದ ಮುಖ್ಯಸ್ಥರು, ಹೇಳಿದ್ದಾರೆ, ಎಂಟು ಪುಟದ ಬಯೋಡೇಟಾ ಕೈಗೆ ಕೊಟ್ಟಿದ್ದಾರೆ, ಏನು ಮಾಡಲಿ?” ಕೇಳುವವರು ಸಾಮಾನ್ಯವಾಗಿ ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯರು, ಇಲ್ಲವೇ ಪಿಹೆಚ್‌ಡಿ ಮಾಡುತ್ತಿರುವವರು. ಈ ಕೆಲಸ ಯಾವಾಗಲೂ ಅಂಥವರ ತಲೆ ಮೇಲೇ ಬಂದು ಕೂರುತ್ತದೆ, ಅಲ್ವಾ?

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಇದು ಮಾನವಿಕ ಮತ್ತು ಸಮಾಜ ವಿಜ್ಞಾನ ವಿಭಾಗಗಳಿಗೆ, ಅಂದರೆ ನಾವೆಲ್ಲ “ಆರ್ಟ್ಸ್” ಅನ್ನುವ ಕಡೆಗೆ. ಮಾನವಿಕ ಅಂದರೆ ಭಾಷೆ, ಸಾಹಿತ್ಯ, ತತ್ವಶಾಸ್ತ್ರ, ಕಲೆ. ಸಮಾಜ ವಿಜ್ಞಾನ ಅಂದರೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಇಂಥವು. ಇತಿಹಾಸವನ್ನು ಕೆಲವರು ಅಲ್ಲಿ ಸೇರಿಸುತ್ತಾರೆ, ಕೆಲವರು ಇಲ್ಲಿ. ಕೆಮಿಸ್ಟ್ರಿಯವರನ್ನು ಪರಿಚಯ ಮಾಡಿಸುವಾಗ ಅವರ ಲ್ಯಾಬ್ ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ಆರ್ಟ್ಸ್ ಮೇಷ್ಟ್ರಿಗೆ ಲ್ಯಾಬ್ ಎಲ್ಲಿದೆ? ಅವರ ಕೆಲಸ ನಡೆಯುವುದು ಯಾವುದೋ ಊರಿನಲ್ಲಿ, ಹಸ್ತಪ್ರತಿಯಲ್ಲಿ, ಯಾರೂ ಮುಟ್ಟದ ಹಳೇ ಫೈಲಿನಲ್ಲಿ. ಅದನ್ನು ಮಾತಿನಲ್ಲೇ ತೋರಿಸಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪರಿಚಯವನ್ನು ನೀವು ಬರೆಯುವುದು ಕುಲಪತಿಗಳಿಗಾಗಿ ಅಲ್ಲ, ಅವರ ಬಳಿ ಪೂರ್ತಿ ಫೈಲೇ ಇರುತ್ತದೆ. ಮೊದಲ ವರ್ಷದ ಎಂ.ಎ.ಗೆ ಸೇರಿದ ಒಬ್ಬ ಹುಡುಗಿಯನ್ನು ನೆನಪಿಗೆ ತಂದುಕೊಳ್ಳಿ. ಗುಬ್ಬಿಯಿಂದಲೋ ಶ್ರೀನಿವಾಸಪುರದಿಂದಲೋ ದಿನಾ ಬಸ್ಸಲ್ಲಿ ಬರುವವಳು. ಅವಳ ಮನೆಯಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇಲ್ಲದಿರಬಹುದು. ತುಮಕೂರು ವಿವಿ ಶುರುವಾದದ್ದೇ 2004ರಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳನ್ನು ನೋಡಿಕೊಳ್ಳುವ ಬೆಂಗಳೂರು ಉತ್ತರ ವಿವಿ ಬೆಂಗಳೂರು ವಿವಿಯಿಂದ ಬೇರೆಯಾಗಿ ಕೆಲಸ ಶುರು ಮಾಡಿದ್ದು 2017ರಲ್ಲಿ. ಅದಕ್ಕೂ ಮುಂಚೆ ಈ ಕಡೆಯ ಎಷ್ಟೋ ಮಕ್ಕಳಿಗೆ ವಿವಿ ಅಂದರೆ ಬೆಂಗಳೂರು ವಿವಿಯ ಜ್ಞಾನಭಾರತಿ ಕ್ಯಾಂಪಸ್, ಅಷ್ಟೇ. ನಿಮ್ಮ ಪರಿಚಯ ಓದಿದ ಮೇಲೆ ಆ ಹುಡುಗಿಗೆ “ಇವರ ಹತ್ತಿರ ಹೋಗಿ ನಾನು ಇದನ್ನು ಕೇಳಬಹುದು” ಅನ್ನಿಸಬೇಕು. ಅನ್ನಿಸದಿದ್ದರೆ ಬರೆದದ್ದು ದಂಡ.

ಬೇಕಾಗುವುದು ಇಷ್ಟು: ಹೊಸಬರ ಜೊತೆ ಅರ್ಧ ಗಂಟೆ ಮಾತು, ಅವರ ನೇಮಕಾತಿ ಆದೇಶದ ಪ್ರತಿ, ಒಂದು ಒಳ್ಳೇ ಫೋಟೋ, ಇಂಟರ್ನೆಟ್, ಎರಡು ವಾರ ಸಮಯ. ನಾಳೆ ಸ್ವಾಗತ ಕಾರ್ಯಕ್ರಮ, ಇವತ್ತು ಬರೆಯಿರಿ ಅಂದರೆ 3ನೇ ಹಂತ ಬಿಡಬಹುದು. 2ನೇ ಹಂತ ಮಾತ್ರ ಏನೇ ಆದರೂ ಬಿಡಬೇಡಿ.

1. ಬಯೋಡೇಟಾ ಪಕ್ಕಕ್ಕಿಡಿ, ಪ್ರಶ್ನೆ ಕಳಿಸಿ

ಬಯೋಡೇಟಾ ಬರೆದಿರುವುದು ಸಂದರ್ಶನದ ಸಮಿತಿಗೆ. ಅದರಲ್ಲಿ ಸೆಮಿನಾರುಗಳ ಪಟ್ಟಿಯೇ ಮೂರು ಪುಟ ಇರುತ್ತದೆ. ಅದನ್ನು ಹಾಗೇ ಚಿಕ್ಕದು ಮಾಡಿದರೆ ಚಿಕ್ಕ ಬಯೋಡೇಟಾ ಆಗುತ್ತದೆಯೇ ಹೊರತು ಪರಿಚಯ ಆಗುವುದಿಲ್ಲ. ಅದರ ಬದಲು ವಾಟ್ಸಾಪಲ್ಲೋ ಇಮೇಲಲ್ಲೋ ಈ ಪ್ರಶ್ನೆಗಳನ್ನು ಕಳಿಸಿ.

ನಿಮ್ಮ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ, ಹೇಗೆ ಕರೆಯಬೇಕು? ಈಗ ಯಾವ ಪ್ರಶ್ನೆ ಹಿಂದೆ ಬಿದ್ದಿದ್ದೀರಿ, ಒಂದೇ ವಾಕ್ಯದಲ್ಲಿ? ಆ ಪ್ರಶ್ನೆ ನಿಮಗೆ ಎಲ್ಲಿಂದ ಹುಟ್ಟಿತು? ಈ ವರ್ಷ ಯಾವ ಪೇಪರ್ ಪಾಠ ಮಾಡುತ್ತೀರಿ? ಯಾವ ಯಾವ ಭಾಷೆಯಲ್ಲಿ ಮಾತಾಡಬಹುದು? ವಿದ್ಯಾರ್ಥಿಗಳು ನಿಮ್ಮನ್ನು ಯಾವಾಗ, ಯಾವ ರೂಮಿನಲ್ಲಿ ಕಾಣಬಹುದು? ನೀವು ಬರೆದದ್ದರಲ್ಲಿ ನಮ್ಮ ಮಕ್ಕಳು ಮೊದಲು ಓದಬೇಕಾದ್ದು ಯಾವುದು?

ಭಾಷೆಯ ಪ್ರಶ್ನೆ ನೋಡಿ ಕೆಲವರು ನಗುತ್ತಾರೆ. ನಗಲಿ. ನಮ್ಮ ಕಡೆ ಅದು ದೊಡ್ಡ ವಿಷಯ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಓದಿದ್ದು ಕನ್ನಡದಲ್ಲಿ, ಪುಸ್ತಕಗಳು ಇಂಗ್ಲಿಷಲ್ಲಿ. ಕೆಜಿಎಫ್ ಕಡೆಯವರಾದರೆ ಮನೆಯಲ್ಲಿ ತಮಿಳೂ ಇರಬಹುದು. ಹೊಸ ಮೇಡಂಗೆ ತೆಲುಗು ಬರುತ್ತದೆ ಅಂತ ಒಂದು ಸಾಲು ಬರೆದರೆ ಸಾಕು, ಬಾಗಿಲ ಹತ್ತಿರ ಬಂದು ವಾಪಸ್ ಹೋಗುತ್ತಿದ್ದವರು ಒಳಗೆ ಬರುತ್ತಾರೆ. ಬರೀ ಇಂಗ್ಲಿಷಲ್ಲೇ ಪಾಠ ಮಾಡುವವರಾದರೆ ಅದನ್ನೂ ಮುಚ್ಚಿಡಬೇಡಿ.

ಪ್ರಶ್ನೆಗೆ ಉತ್ತರ ಬರದಿದ್ದರೆ ಸುಮ್ನೆ ಕಾಯುತ್ತಾ ಕೂರಬೇಡಿ. ಹೋಗಿ ಟೀ ಕುಡಿಯುತ್ತಾ ಕೇಳಿ. ಬರೆದು ಕೊಡುವಾಗ “ಗ್ರಾಮೀಣ ಅಭಿವೃದ್ಧಿ ಅಧ್ಯಯನಗಳು” ಅನ್ನುವವರು ಮಾತಾಡುವಾಗ “ನಮ್ಮೂರ ಕೆರೆ ಯಾಕೆ ಒಣಗಿತು ಅಂತ ನೋಡೋಕೆ ಹೋದೆ” ಅನ್ನುತ್ತಾರೆ. ನಿಮಗೆ ಬೇಕಾಗಿರುವುದು ಆ ಎರಡನೇ ಮಾತು.

2. ಹೆಸರು, ಹುದ್ದೆ, ಪದವಿ: ಒಂದಕ್ಷರ ತಪ್ಪಿದರೂ ಜಗಳ

ಜಾಸ್ತಿ ಎಡವುವುದು ಇಲ್ಲೇ. ಆದೇಶದ ಪ್ರತಿ ಮುಂದಿಟ್ಟುಕೊಂಡು ನೋಡಿ.

ಹುದ್ದೆಗಳು ಮೂರು. ಸಹಾಯಕ ಪ್ರಾಧ್ಯಾಪಕರು ಮೊದಲ ಮೆಟ್ಟಿಲು, ಸಹ ಪ್ರಾಧ್ಯಾಪಕರು ಎರಡನೆಯದು, ಪ್ರಾಧ್ಯಾಪಕರು ಮೇಲಿನದು. “ಸಹಾಯಕ”, “ಸಹ” ಈ ಎರಡರಲ್ಲಿ ಕೈತಪ್ಪುವುದು ಬಹಳ ಸುಲಭ. ಹದಿನೈದು ವರ್ಷ ಪಾಠ ಮಾಡಿ ಸಹ ಪ್ರಾಧ್ಯಾಪಕರಾದವರನ್ನು ನೀವು ಒಂದೇ ಏಟಿಗೆ ಕೆಳಗಿಳಿಸಿದರೆ ಅವರು ಮುಖಕ್ಕೆ ಏನೂ ಹೇಳುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಹಾಗೆಯೇ ನಮ್ಮ ಕಡೆ ಕಾಲೇಜಲ್ಲಿ ಪಾಠ ಮಾಡುವವರೆಲ್ಲ “ಪ್ರೊಫೆಸರ್ರೇ”. ಬಾಯಿಮಾತಿಗೆ ಸರಿ. ಬರಹದಲ್ಲಿ “ಪ್ರೊ.” ಅಂತ ಹಾಕುವುದು ಆ ಹುದ್ದೆಯಲ್ಲಿ ಇರುವವರಿಗೆ ಮಾತ್ರ.

“ಡಾ.” ಅಂತ ಹಾಕಬೇಕಾದರೆ ಪಿಹೆಚ್‌ಡಿ ಪದವಿ ಸಿಕ್ಕಿರಬೇಕು. ಪ್ರಬಂಧ ಸಲ್ಲಿಸಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಇನ್ನೂ ಆಗಿಲ್ಲದಿದ್ದರೆ “ಪಿಹೆಚ್‌ಡಿ ಪ್ರಬಂಧ ಸಲ್ಲಿಸಿದ್ದಾರೆ” ಅಂತ ಬರೆಯಿರಿ. ಪಿಹೆಚ್‌ಡಿ ಇಲ್ಲ ಅನ್ನುವುದು ಕೊರತೆ ಅನ್ನುವ ಹಾಗೆ ಬರೆಯಬೇಡಿ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2023ರ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಹೆಚ್‌ಡಿ ಇರಲೇಬೇಕು ಅಂತಿಲ್ಲ.

ಈ ಪರೀಕ್ಷೆಗಳ ಹೆಸರು ಬಂದಲ್ಲಿ ಒಂದು ಮಾತು ಬಿಡಿಸಿ ಹೇಳಿ, ಮೊದಲ ವರ್ಷದವರಿಗೆ ಗೊತ್ತಿರುವುದಿಲ್ಲ. ನೆಟ್ ದೇಶದ ಮಟ್ಟದ ಅರ್ಹತಾ ಪರೀಕ್ಷೆ. ಸೆಟ್, ಸ್ಲೆಟ್ ರಾಜ್ಯ ಮಟ್ಟದವು, ಅದರಲ್ಲಿ ಕೆ-ಸೆಟ್ ಕರ್ನಾಟಕದ್ದು. ಮೊದಲು ಮೈಸೂರು ವಿವಿ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಜೆಆರ್‌ಎಫ್ ಅಂದರೆ ನೆಟ್‌ನಲ್ಲೇ ಇನ್ನೂ ಮೇಲಿನ ಸಾಲಿನಲ್ಲಿ ಪಾಸಾದವರಿಗೆ ಸಂಶೋಧನೆ ಮಾಡಲು ಸಿಗುವ ಫೆಲೋಶಿಪ್.

ವಿವಿಯ ಹೆಸರುಗಳಲ್ಲೂ ಗುಂಡಿ ಇದೆ. ಬೆಂಗಳೂರು ವಿವಿ ಒಂದೇ ಇದ್ದದ್ದು ಮೂರಾಗಿದೆ. ಬೆಂಗಳೂರು ವಿವಿ ಬೇರೆ, ಬೆಂಗಳೂರು ಉತ್ತರ ಬೇರೆ, ಕೇಂದ್ರ ಅಂತ ಶುರುವಾಗಿ ಆಮೇಲೆ ನಗರ ಅಂತ ಹೆಸರು ಬದಲಾದದ್ದು ಬೇರೆ. 2010ರಲ್ಲಿ ಪದವಿ ಪಡೆದವರಿಗೆ ಬೆಂಗಳೂರು ಉತ್ತರ ವಿವಿ ಅಂತ ಹಾಕಿದರೆ ಹುಟ್ಟದ ವಿವಿಯಿಂದ ಪದವಿ ಕೊಡಿಸಿದ ಹಾಗೆ. ಸರ್ಟಿಫಿಕೇಟಿನಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ತುಮಕೂರಿನವರಿಗೆ ಇನ್ನೊಂದು: ಊರಿನ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲಿ ಬದಲಾಯಿತು, ವಿವಿಯ ಇಂಗ್ಲಿಷ್ ಹೆಸರಲ್ಲಿ ಹಳೇ ಸ್ಪೆಲಿಂಗೇ ಉಳಿದಿದೆ. ಇಂಗ್ಲಿಷ್ ಪ್ರತಿಯಲ್ಲಿ ನೀವಾಗಿ ತಿದ್ದಲು ಹೋಗಬೇಡಿ.

ಹಲವರು ಒಟ್ಟಿಗೆ ಸೇರಿದ್ದರೆ ಯಾರ ಹೆಸರು ಮೊದಲು? ಕೆಲಸಕ್ಕೆ ಹಾಜರಾದ ದಿನಾಂಕದ ಪ್ರಕಾರ ಹಾಕಿ. ಒಂದೇ ದಿನ ಬಂದಿದ್ದರೆ ಆಯ್ಕೆ ಪಟ್ಟಿಯಲ್ಲಿ ಹೇಗಿದೆಯೋ ಹಾಗೆ. ಯಾಕೆ ಅಂತ ಯಾರಾದರೂ ಕೇಳಿದರೆ ತೋರಿಸಲು ಒಂದು ಕಾಗದ ಇರುತ್ತದೆ.

3. ಅವರು ಬರೆದದ್ದನ್ನು ನೀವೇ ಒಮ್ಮೆ ಹುಡುಕಿ

ಪಿಹೆಚ್‌ಡಿ ಪ್ರಬಂಧಗಳಿಗೆ “ಶೋಧಗಂಗಾ” ಅಂತ ಒಂದು ಜಾಲತಾಣವಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುತ್ತದೆ, ದುಡ್ಡಿಲ್ಲ, ಲಾಗಿನ್ ಬೇಡ. ಸಂಶೋಧಕರ ಹೆಸರು, ಇಲ್ಲವೇ ಗೈಡ್ ಹೆಸರು ಹಾಕಿ ಹುಡುಕಿ. ಅಧ್ಯಾಯಗಳು ಬೇರೆ ಬೇರೆ ಪಿಡಿಎಫ್ ಆಗಿ ಸಿಗುತ್ತವೆ. ಪೂರ್ತಿ ಓದಬೇಕಿಲ್ಲ, ಮೊದಲ ಅಧ್ಯಾಯ ಮತ್ತು ಕೊನೆಯದನ್ನು ನೋಡಿ. ಒಂದು ಗಂಟೆ ಸಾಕು. ಎಲ್ಲರ ಪ್ರಬಂಧವೂ ಅಲ್ಲಿರುವುದಿಲ್ಲ, ಸಿಗದಿದ್ದರೆ ಅವರನ್ನೇ ಕೇಳಿ.

ಅದೇ ಕೇಂದ್ರದ “ವಿದ್ವಾನ್” ಅನ್ನುವ ತಾಣದಲ್ಲಿ ಅಧ್ಯಾಪಕರ ವಿವರ ಇರುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನಗಳು ಸಿಗುತ್ತವೆ. ಆದರೆ ಗೂಗಲ್ ಸ್ಕಾಲರ್ ಅನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮಂಜುನಾಥ, ಲಕ್ಷ್ಮೀದೇವಿ ಅನ್ನುವ ಹೆಸರಿನ ಸಂಶೋಧಕರು ರಾಜ್ಯದಲ್ಲಿ ಎಷ್ಟು ಜನ ಇರಬಹುದು, ನೀವೇ ಲೆಕ್ಕ ಹಾಕಿ. ಒಬ್ಬರ ಲೇಖನ ಇನ್ನೊಬ್ಬರ ಖಾತೆಗೆ ಹೋಗಿ ಕೂತಿರುತ್ತದೆ. ನಾನೂ ಒಮ್ಮೆ ಹೀಗೇ ಬೇರೆ ಯಾರದೋ ಪುಸ್ತಕವನ್ನು ಹೊಸಬರ ಹೆಸರಿಗೆ ಹಾಕಿ ವೇದಿಕೆ ಮೇಲೆ ಓದಿಸಿಬಿಟ್ಟಿದ್ದೆ. ಅವರು ಎದ್ದು ನಿಂತು “ಆ ಪುಸ್ತಕ ನನಗೂ ಇಷ್ಟ, ಬರೆದವರು ಮಾತ್ರ ನಾನಲ್ಲ” ಅಂದರು. ಸಭೆ ನಕ್ಕಿತು, ನಾನು ನಗಲಿಲ್ಲ.

ಇದಕ್ಕೆ ಒಂದು ಉಪಾಯ ಆರ್ಕಿಡ್ ಐಡಿ. ಹೂವಲ್ಲ, ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ 16 ಅಂಕಿಯ ಒಂದು ಗುರುತು. ಉಚಿತವಾಗಿ ಮಾಡಿಸಿಕೊಳ್ಳಬಹುದು. ಹೊಸಬರ ಬಳಿ ಇದ್ದರೆ ಪರಿಚಯದ ಕೆಳಗೆ ಹಾಕಿ. ಇಲ್ಲದಿದ್ದರೆ ಮಾಡಿಸಿಕೊಳ್ಳಿ ಅಂತ ಮೆಲ್ಲಗೆ ಹೇಳಿ.

ಇನ್ನೊಂದು ಎಚ್ಚರಿಕೆ. “ಯುಜಿಸಿ ಕೇರ್ ಪಟ್ಟಿಯ ಪತ್ರಿಕೆಯಲ್ಲಿ 12 ಲೇಖನ, ಸ್ಕೋಪಸ್‌ನಲ್ಲಿ 3” ಅಂತ ಸಂಖ್ಯೆ ತುಂಬಬೇಡಿ. ಕೇರ್ ಅನ್ನುವುದು ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿ ಆಗಿತ್ತು, 2025ರಲ್ಲಿ ಯುಜಿಸಿಯೇ ಅದನ್ನು ಕೈಬಿಟ್ಟಿತು. ಸ್ಕೋಪಸ್ ಅನ್ನುವುದು ಒಂದು ಕಂಪನಿ ನಡೆಸುವ, ಸಂಶೋಧನಾ ಲೇಖನಗಳ ವಿವರದ ಸಂಗ್ರಹ. ಎರಡೂ ಬಡ್ತಿಯ ಅರ್ಜಿಗೆ ಬೇಕಾದ ಮಾತು, ಆ ಗುಬ್ಬಿಯ ಹುಡುಗಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಅದರ ಬದಲು ಅವಳು ಓದಬಹುದಾದ ಒಂದು ಲೇಖನದ ಹೆಸರು ಹಾಕಿ. ಕನ್ನಡದಲ್ಲಿ ಬರೆದದ್ದು ಇದ್ದರೆ ಅದನ್ನು ಮೊದಲು ಹಾಕಿ. ಪತ್ರಿಕೆಯ ಅಂಕಣ, ಅನುವಾದ, ಸಂಪಾದಿಸಿದ ಪುಸ್ತಕ ಯಾವುದಾದರೂ ಆಗಲಿ. ಬಯೋಡೇಟಾದಲ್ಲಿ ಇವೆಲ್ಲ “ಇತರೆ” ಅನ್ನುವ ತಲೆಬರಹದ ಕೆಳಗೆ ಕೊನೇ ಪುಟದಲ್ಲಿ ಇರುತ್ತವೆ. ನನಗೆ ಇದನ್ನು ಕಂಡರೆ ಸಿಟ್ಟು.

4. ಸಂಶೋಧನೆಯನ್ನು ಮನೆಯಲ್ಲಿ ಹೇಳುವ ಹಾಗೆ ಹೇಳಿ

ಇದು ಈ ಕೆಲಸದ ಜೀವ. ಸ್ವಲ್ಪ ನಿಧಾನವಾಗಿ ಓದಿ.

ಸಾಮಾನ್ಯವಾಗಿ ನಾವು ಬರೆಯುವುದು ಹೀಗೆ: “ಇವರು ಗ್ರಾಮೀಣ ಸಮಾಜಶಾಸ್ತ್ರ, ಲಿಂಗ ಅಧ್ಯಯನ ಹಾಗೂ ಅಭಿವೃದ್ಧಿ ಅಧ್ಯಯನ ಕ್ಷೇತ್ರಗಳಲ್ಲಿ ಅಪಾರ ಪಾಂಡಿತ್ಯ ಹೊಂದಿದ್ದು, ಅನೇಕ ರಾಷ್ಟ್ರೀಯ ಹಾಗೂ ಅಂತರರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ಭಾಗವಹಿಸಿ ಪ್ರಬಂಧಗಳನ್ನು ಮಂಡಿಸಿರುತ್ತಾರೆ.” ಇದನ್ನು ಯಾರ ಹೆಸರಿಗೆ ಅಂಟಿಸಿದರೂ ನಡೆಯುತ್ತದೆ.

ಈಗ ಹೀಗೆ ಬರೆದರೆ? ಇದು ಉದಾಹರಣೆಗೆ ಅಂತ ನಾನೇ ಕಟ್ಟಿದ್ದು, ಯಾರ ಪರಿಚಯವೂ ಅಲ್ಲ. “ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಸುಮಾರು 13,000 ಎಕರೆ. ಜಮೀನಿನ ಯಜಮಾನರಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೇಕಾಯಿ ಬಿಡಿಸುತ್ತಿದ್ದ ಹೆಂಗಸರಿಗೆ ಏನು ಬರುತ್ತದೆ? ನಮ್ಮ ಸಮಾಜಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಬಂದಿರುವ ಮೇಡಂ ಆ ಹಳ್ಳಿಗಳಲ್ಲಿ ಉಳಿದು ಈ ಪ್ರಶ್ನೆ ಕೇಳುತ್ತಿದ್ದಾರೆ.” ಪಾವಗಡದ ಹುಡುಗ ಇದನ್ನು ಓದಿದರೆ ಮಾರನೇ ದಿನವೇ ಅವರ ರೂಮಿನ ಮುಂದೆ ಇರುತ್ತಾನೆ. ಅವನ ಅಜ್ಜಿಯೇ ಆ ಕೂಲಿಗೆ ಹೋಗುತ್ತಿದ್ದವರಾಗಿರಬಹುದು.

ಸೂತ್ರ ಅಂತ ಏನಿಲ್ಲ. ಮೊದಲು ಒಂದು ಕಣ್ಣಿಗೆ ಕಾಣುವ ಸಂಗತಿ, ಆಮೇಲೆ ಅದರಲ್ಲಿರುವ ಪ್ರಶ್ನೆ, ಆಮೇಲೆ ಮೇಷ್ಟ್ರು ಅದನ್ನು ಹೇಗೆ ಹುಡುಕುತ್ತಿದ್ದಾರೆ ಅನ್ನುವುದು. ಮೂರು ನಾಲ್ಕು ಸಾಲು. ನಮ್ಮ ಜಿಲ್ಲೆಗಳಲ್ಲಿ ಇಂಥ ಸಂಗತಿಗಳಿಗೆ ಬರವಿಲ್ಲ. ಪರಿಸರದ ರಾಜಕೀಯ ಓದುವವರು ಬಂದರೆ ಕೆ.ಸಿ. ವ್ಯಾಲಿ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಕೆರೆ ತುಂಬಿದ ಖುಷಿಯೂ ಇದೆ, ಆ ನೀರು ಎಷ್ಟು ಸರಿ ಅನ್ನುವ ವಾದವೂ ಇದೆ. ಕಾರ್ಮಿಕರ ಬಗ್ಗೆ ಕೆಲಸ ಮಾಡುವವರಾದರೆ 2001ರಲ್ಲಿ ಬಾಗಿಲು ಹಾಕಿದ ಕೆಜಿಎಫ್ ಗಣಿ. ಅರ್ಥಶಾಸ್ತ್ರದವರಿಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ತಿಪಟೂರಿನ ಕೊಬ್ಬರಿ ಹರಾಜು. ಸ್ವಾತಂತ್ರ್ಯ ಚಳವಳಿ ಓದುವ ಇತಿಹಾಸದವರು ಬಂದರೆ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರ್. ಅದರಲ್ಲಿ ಸತ್ತವರ ಸಂಖ್ಯೆಗೆ ಬೇರೆ ಬೇರೆ ಲೆಕ್ಕ ಇವೆ, ಇತಿಹಾಸದ ಮೇಷ್ಟ್ರು ಏನು ಕೆಲಸ ಮಾಡುತ್ತಾರೆ ಅಂತ ವಿವರಿಸಲು ಇದಕ್ಕಿಂತ ಒಳ್ಳೇ ಉದಾಹರಣೆ ಬೇಕೇ?

ಆದರೆ ಬಲವಂತವಾಗಿ ಗಂಟು ಹಾಕಬೇಡಿ. ಹೊಸಬರು ಫ್ರೆಂಚ್ ತತ್ವಶಾಸ್ತ್ರ ಓದಿದ್ದರೆ ಅದನ್ನು ಶಿವಗಂಗೆ ಬೆಟ್ಟಕ್ಕೆ ತಂದು ಕಟ್ಟುವ ಅಗತ್ಯವಿಲ್ಲ. ಅವರ ವಿಷಯದೊಳಗೇ ಒಂದು ಸಾದಾ ಪ್ರಶ್ನೆ ಇದ್ದೇ ಇರುತ್ತದೆ, ಅದನ್ನು ಹುಡುಕಿ.

ಕಷ್ಟದ ಪದಗಳು ಬಂದರೆ ಅಲ್ಲೇ ಬಿಡಿಸಿ. ನಾನು ಬಳಸುವ ವಿವರಣೆಗಳು ಇವು, ಬೇಕಾದರೆ ಹಾಗೇ ಎತ್ತಿಕೊಳ್ಳಿ:

ಎಥ್ನೋಗ್ರಫಿ ಅಂದರೆ ಒಂದು ಊರಲ್ಲೋ ಕೇರಿಯಲ್ಲೋ ತಿಂಗಳುಗಟ್ಟಲೆ ಇದ್ದು, ಜನರ ಜೊತೆ ಬೆರೆತು, ಕಂಡದ್ದು ಕೇಳಿದ್ದನ್ನು ಬರೆಯುವುದು. ಪತ್ರಾಗಾರದ ಕೆಲಸ ಅಂದರೆ ಸರ್ಕಾರದ, ಮಠದ, ಮನೆತನದ ಹಳೇ ಕಡತ ಹುಡುಕಿ ಓದುವುದು; ರಾಜ್ಯ ಪತ್ರಾಗಾರ ಇರುವುದು ವಿಧಾನಸೌಧದಲ್ಲೇ. ಸಬಾಲ್ಟರ್ನ್ ಇತಿಹಾಸ ಅಂದರೆ ರಾಜರ, ನಾಯಕರ ಕಥೆಯಲ್ಲಿ ಜಾಗ ಸಿಗದವರ ಇತಿಹಾಸ. ಇದಕ್ಕೇ ಅಂತ ಇತಿಹಾಸಕಾರ ರಣಜಿತ್ ಗುಹಾ ಸಂಪಾದಿಸಿದ ಮೊದಲ ಸಂಪುಟ ಬಂದದ್ದು 1982ರಲ್ಲಿ. ಪೀರ್ ರಿವ್ಯೂ ಅಂದರೆ ಅದೇ ವಿಷಯ ಬಲ್ಲ ಬೇರೆಯವರು ಓದಿ, ತಿದ್ದಿಸಿ, ಒಪ್ಪಿದ ಮೇಲೆ ಅಚ್ಚಾಗುವುದು. ಪೋಸ್ಟ್ ಡಾಕ್ ಅಂದರೆ ಪಿಹೆಚ್‌ಡಿ ಆದ ಮೇಲೆ ಒಂದೆರಡು ವರ್ಷ ಮಾಡುವ ಸಂಶೋಧನೆಯ ಕೆಲಸ, ಅದು ಇನ್ನೊಂದು ಪದವಿಯಲ್ಲ. ಶಾಸನಶಾಸ್ತ್ರ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ, ಆದರೂ ಒಂದು ಸಾಲು ಸೇರಿಸಿ: ಕಲ್ಲು, ತಾಮ್ರಪಟಗಳ ಮೇಲಿನ ಹಳೇ ಬರಹ ಓದುವುದು. ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ 10ನೇ ಸಂಪುಟ ಕೋಲಾರದ್ದು, 12ನೆಯದು ತುಮಕೂರಿನದು. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದದ್ದರಿಂದ ಅಲ್ಲಿನ ಶಾಸನಗಳನ್ನೂ 10ರಲ್ಲೇ ಹುಡುಕಬೇಕು. ಮಕ್ಕಳು ತಮ್ಮೂರಿನ ಕಲ್ಲು ಅದರಲ್ಲಿದೆಯಾ ಅಂತ ನೋಡಲು ಲೈಬ್ರರಿಗೆ ಓಡುತ್ತಾರೆ.

5. ಏನು ಬರೆಯಬಾರದು

ಜಾತಿ, ಮನೆತನ, ಗಂಡ ಏನು ಮಾಡುತ್ತಾರೆ, ಮಕ್ಕಳೆಷ್ಟು, ಇವೆಲ್ಲ ಬೇಡ. ಗಂಡಸರ ಪರಿಚಯದಲ್ಲಿ ಹೆಂಡತಿಯ ವಿಷಯ ಬರುವುದೇ ಇಲ್ಲ, ಹೆಂಗಸರದ್ದಾದರೆ “ಗೃಹಿಣಿಯಾಗಿಯೂ ಯಶಸ್ವಿ” ಅಂತ ಒಂದು ಸಾಲು ಎಲ್ಲಿಂದಲೋ ಬಂದು ಕೂರುತ್ತದೆ. ಹೊಡೆದು ಹಾಕಿ. “ಶ್ರೀಮತಿ”, “ಕುಮಾರಿ” ಕೂಡ ಬೇಡ, ಡಾ. ಇದ್ದರೆ ಡಾ., ಇಲ್ಲದಿದ್ದರೆ ಬರೀ ಹೆಸರು.

“ಕಡು ಬಡತನದಲ್ಲಿ ಹುಟ್ಟಿ” ಅನ್ನುವ ಸಾಲನ್ನು ಅವರು ತಾವಾಗಿ ಹೇಳಿ, ಹಾಕಿ ಅಂದರೆ ಮಾತ್ರ ಹಾಕಿ. ನಮಗೆ ಅದು ಮೆಚ್ಚುಗೆ ಅನ್ನಿಸುತ್ತದೆ, ವೇದಿಕೆ ಮೇಲೆ ಕೂತವರಿಗೆ ಹೇಗನ್ನಿಸುತ್ತದೋ ಗೊತ್ತಿಲ್ಲ. ಊರಿನ ಹೆಸರೂ ಅಷ್ಟೇ, ಕೇಳಿ ಹಾಕಿ. ಸ್ವಂತ ಮೊಬೈಲ್ ನಂಬರ್ ಜಾಲತಾಣದಲ್ಲಿ ಬೇಡವೇ ಬೇಡ, ವಿಭಾಗದ ಮೇಲ್ ಸಾಕು.

“ಸರಳ ಸಜ್ಜನಿಕೆಯ ಸಾಕಾರ ಮೂರ್ತಿ” ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಬಂದು ಇನ್ನೂ ನಾಲ್ಕು ದಿನ ಆಗಿದೆ, ಸಜ್ಜನಿಕೆ ಯಾರು ನೋಡಿದ್ದಾರೆ?

6. ಅತಿಥಿ ಉಪನ್ಯಾಸಕರನ್ನು ಬಿಡಬೇಡಿ

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಖಾಯಂ ಆಗಿ ಬಂದವರಿಗೆ ಹಾರ, ಶಾಲು, ಜಾಲತಾಣದಲ್ಲಿ ಪುಟ. ಅದೇ ಸೆಮಿಸ್ಟರಿಗೆ ಅತಿಥಿ ಉಪನ್ಯಾಸಕರಾಗಿ ಬಂದು, ವಾರಕ್ಕೆ ಅವರಿಗಿಂತ ಜಾಸ್ತಿ ಗಂಟೆ ಪಾಠ ಮಾಡುವವರ ಹೆಸರು ಟೈಮ್ ಟೇಬಲ್‌ನಲ್ಲಿ ಎರಡಕ್ಷರದ ಇನಿಷಿಯಲ್ ಆಗಿ ಮಾತ್ರ ಕಾಣುತ್ತದೆ. ವಿದ್ಯಾರ್ಥಿಗೆ ಇಬ್ಬರೂ ಹೊಸ ಮೇಷ್ಟ್ರೇ. ಅದೇ ಪ್ರಶ್ನೆ ಕಳಿಸಿ, ಅಷ್ಟೇ ಉದ್ದ ಬರೆಯಿರಿ, ಅಷ್ಟೇ ದೊಡ್ಡ ಫೋಟೋ ಹಾಕಿ. ಹುದ್ದೆಯ ಜಾಗದಲ್ಲಿ “ಅತಿಥಿ ಉಪನ್ಯಾಸಕರು” ಅಂತ ಇದ್ದದ್ದು ಇದ್ದ ಹಾಗೆ ಹಾಕಿ. ಯಾರಾದರೂ ಬೇಡ ಅಂದರೆ ಯಾಕೆ ಬೇಡ ಅಂತ ಕೇಳಿ, ಉತ್ತರ ಸಾಮಾನ್ಯವಾಗಿ ಇರುವುದಿಲ್ಲ.

7. ಕನ್ನಡ, ಇಂಗ್ಲಿಷ್, ಮತ್ತು ಫಾಂಟ್ ಎಂಬ ಭೂತ

ಕನ್ನಡದ್ದನ್ನು ಕನ್ನಡದಲ್ಲೇ ಮೊದಲು ಬರೆಯಿರಿ. ಇಂಗ್ಲಿಷಲ್ಲಿ ಬರೆದು ಯಂತ್ರಕ್ಕೆ ಕೊಟ್ಟು ತರ್ಜುಮೆ ಮಾಡಿಸಿದರೆ ಮೇಷ್ಟ್ರ “ಫೀಲ್ಡ್” ಹೊಲವಾಗಿಬಿಡಬಹುದು. ಎರಡೂ ಒಂದೇ ರೀತಿ ಇರಬೇಕು ಅಂತಿಲ್ಲ, ಇಂಗ್ಲಿಷ್ ಪ್ರತಿ ಓದುವವರು ಹೊರಗಿನ ಸಂಶೋಧಕರು, ಅವರಿಗೆ ಪ್ರಕಟಣೆಗಳ ವಿವರ ಸ್ವಲ್ಪ ಜಾಸ್ತಿ ಇರಲಿ.

ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ಯೂನಿಕೋಡ್ ಅಂದರೆ ಯಾವ ಫೋನಲ್ಲಿ, ಯಾವ ಕಂಪ್ಯೂಟರಲ್ಲಿ ತೆಗೆದರೂ ಕನ್ನಡವಾಗಿಯೇ ಕಾಣುವ ಏರ್ಪಾಡು. ನಮ್ಮ ಎಷ್ಟೋ ಆಫೀಸುಗಳಲ್ಲಿ ಇನ್ನೂ “ನುಡಿ” ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಅದು ಆಮಂತ್ರಣ ಪತ್ರಿಕೆ ಅಚ್ಚು ಹಾಕಲು ಸರಿ, ಜಾಲತಾಣಕ್ಕೆ ಅಂಟಿಸಿದರೆ ಗೀಚಿದ ಹಾಗೆ ಕಾಣುತ್ತದೆ. ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಅವೇ.

ಮುಗಿದ ಮೇಲೆ ಆ ಮೇಷ್ಟ್ರಿಗೇ ಕಳಿಸಿ, “ಸರಿ ಇದೆ” ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಫೋಟೋ ಆಧಾರ್ ಕಾರ್ಡಿನಂಥದ್ದು ಬೇಡ, ಕಿಟಕಿ ಬೆಳಕಲ್ಲಿ ನಿಲ್ಲಿಸಿ ಫೋನಲ್ಲೇ ತೆಗೆಯಿರಿ.

8. ಕಾರ್ಯಕ್ರಮ

ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಅಧ್ಯಕ್ಷೀಯ, ವಂದನಾರ್ಪಣೆ. ಇಷ್ಟರ ನಡುವೆ ಹೊಸಬರ ಪಾಲಿಗೆ ಸಿಗುವುದು ಒಂದು ಹೂಗುಚ್ಛ. ನಿಮ್ಮ ಕೈಯಲ್ಲಿ ಇದ್ದರೆ ಒಂದು ಗಂಟೆಯೊಳಗೆ ಮುಗಿಸಿ. ಒಬ್ಬರಿಗೆ ಎರಡು ನಿಮಿಷ ಪರಿಚಯ, ಅಂದರೆ ಸುಮಾರು 200 ಪದ, ಆಮೇಲೆ ಅವರೇ ಐದು ನಿಮಿಷ ಮಾತಾಡಲಿ. ಪರಿಚಯವನ್ನು ಒಬ್ಬ ವಿದ್ಯಾರ್ಥಿಯ ಕೈಲಿ ಓದಿಸಿ, ಹಿಂದಿನ ದಿನ ಒಮ್ಮೆ ಗಟ್ಟಿಯಾಗಿ ಓದಿಸಿಕೊಂಡು ನೋಡಿ. ನಾಲಿಗೆ ಎಲ್ಲಿ ಎಡವುತ್ತದೋ ಆ ವಾಕ್ಯ ಉದ್ದವಾಗಿದೆ ಅಂತ ಅರ್ಥ, ಅಲ್ಲೇ ಕತ್ತರಿಸಿ.

ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆಗೆ ಜಾಗ ಇಡಿ. ಮೊದಲ ಪ್ರಶ್ನೆ ಕೇಳಲು ಯಾರೂ ಏಳುವುದಿಲ್ಲ, ಒಬ್ಬರಿಗೆ ಮೊದಲೇ ಹೇಳಿಟ್ಟಿರಿ. ಎರಡನೆಯದು ತಾನಾಗೇ ಬರುತ್ತದೆ. ತಿಂಡಿ ಕೊನೆಗೆ. ಮೊದಲೇ ಕೊಟ್ಟರೆ ಅರ್ಧ ಸಭೆ ಖಾಲಿ, ತುಮಕೂರಲ್ಲಿ ತಟ್ಟೆ ಇಡ್ಲಿ ತರಿಸಿದ್ದರೆ ಮುಕ್ಕಾಲು.

9. ಆಮೇಲೆ

ಪರಿಚಯವನ್ನು ಜಾಲತಾಣಕ್ಕೆ ಹಾಕಿ ಮರೆಯಬೇಡಿ. ಒಂದು ಪ್ರತಿ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ, ಒಂದು ಅವರ ರೂಮಿನ ಬಾಗಿಲಿಗೆ. ಎಲ್ಲರ ಫೋನಲ್ಲೂ ಡೇಟಾ ಇರುತ್ತದೆ ಅಂದುಕೊಳ್ಳಬೇಡಿ.

ಭೇಟಿಯ ಸಮಯ ಹಾಕುವಾಗ ಬಸ್ಸಿನ ಟೈಮ್ ನೋಡಿ ಹಾಕಿ. ಬೆಂಗಳೂರಿಂದ ರೈಲಲ್ಲಿ ಓಡಾಡುವ ಮೇಷ್ಟ್ರು ಅವರ ಅನುಕೂಲಕ್ಕೆ “ಬೆಳಗ್ಗೆ 9ರಿಂದ 10” ಅನ್ನಬಹುದು, ಆಗ ಮಧುಗಿರಿಯ ಹುಡುಗ ಇನ್ನೂ ಕೊರಟಗೆರೆ ದಾಟಿರುವುದಿಲ್ಲ. ಸಂಜೆ 5 ಅಂದರೆ ಹುಡುಗಿಯರು ಬರುವುದಿಲ್ಲ, ಕತ್ತಲಾಗುವ ಮುಂಚೆ ಊರು ಸೇರಬೇಕು. ಮಧ್ಯಾಹ್ನ ಊಟ ಆದ ಮೇಲಿನ ಒಂದು ಗಂಟೆ ಎಲ್ಲರಿಗೂ ಆಗುತ್ತದೆ, ನಾನು ಕೇಳಿಕೊಂಡವರೆಲ್ಲ ಅದಕ್ಕೆ ಒಪ್ಪಿದ್ದಾರೆ, ಒಬ್ಬರು ಮಾತ್ರ ನಿದ್ದೆ ಬರುತ್ತದೆ ಅಂದರು.

ಸೆಮಿಸ್ಟರ್ ಶುರುವಾದಾಗಲೆಲ್ಲ ಪುಟ ತೆಗೆದು ನೋಡಿ. ಪೇಪರ್ ಬದಲಾಗಿರುತ್ತದೆ, ರೂಮ್ ಬದಲಾಗಿರುತ್ತದೆ, ವೈವಾ ಮುಗಿದು ಹೆಸರಿನ ಮುಂದೆ “ಡಾ.” ಸೇರಿರುತ್ತದೆ. ಬಿಟ್ಟು ಹೋದವರ ಪುಟ ಹಾಗೇ ಇದ್ದರೆ ಯಾರೋ ಪಾಪ ಅವರನ್ನು ಹುಡುಕಿಕೊಂಡು ಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ. ಪುಟದ ಕೊನೆಯಲ್ಲಿ ತಿದ್ದಿದ ದಿನಾಂಕ ಹಾಕಿ, ಪಕ್ಕದಲ್ಲಿ ತಪ್ಪಿದ್ದರೆ ಯಾರಿಗೆ ಹೇಳಬೇಕು ಅಂತ ವಿಭಾಗದ ಮೇಲ್ ಕೊಡಿ.